ಸಾಹೇಬರನ್ನು ಎಬ್ಬಿಸುವ ಅರ್ಜಿ

ಲ್ಯಾಪ್‌ಟಾಪಿನಲ್ಲಿ ಪರದೆಯ ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡುಗಳು ಎರಡಿವೆ ಎಂದರೆ ಕೆಲಸ ಎರಡು ಪಟ್ಟು ಬೇಗ ಆಗುತ್ತದೆಂದು ನಂಬುವುದು ಸಹಜ. ಎರಡನೆಯದು ಇರುವುದು ಕಡತದ ದಾರಿಯನ್ನು ಉದ್ದ ಮಾಡುವುದಕ್ಕೆ ಎಂಬುದು ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆಯನ್ನು ಹಾಕಿಕೊಂಡ ಮೇಲಷ್ಟೇ ತಿಳಿಯುತ್ತದೆ. ಪ್ರೊಸೆಸರ್ ಜೊತೆಗೇ ಬರುವ ಪುಟ್ಟ ಕಾರ್ಡು ಇಲ್ಲಿ ಗುಮಾಸ್ತ. ಹೆಚ್ಚಿನ ಹಣ ತೆತ್ತು ತಂದ ದೊಡ್ಡ ಕಾರ್ಡು ಸಾಹೇಬರು. ಗ್ರಾಫಿಕ್ಸ್ ಕಾರ್ಡಿನ ಕಂಪನಿ ಎನ್‌ವಿಡಿಯಾ 2010ರಲ್ಲಿ ಆಪ್ಟಿಮಸ್ ಎಂಬ ಹೆಸರಿನಿಂದ ತಂದ ಈ ಏರ್ಪಾಟಿನಲ್ಲಿ ಪರದೆಯ ತಂತಿ ಗುಮಾಸ್ತನ ಮೇಜಿಗೇ ಸೇರಿರುವುದರಿಂದ, ಸಾಹೇಬರು ಎಂಥ ಭವ್ಯ ಚಿತ್ರವನ್ನು ಬಿಡಿಸಿದರೂ ಅದು ಗುಮಾಸ್ತನ ಕೈ ದಾಟಿಯೇ ಪರದೆಯನ್ನು ಮುಟ್ಟಬೇಕು. ಇನ್ನು ಕೆಲವು ಯಂತ್ರಗಳಲ್ಲಿ ಎಚ್‌ಡಿಎಂಐ ಕಿಂಡಿ ಮಾತ್ರ ಸಾಹೇಬರ ಕೋಣೆಗೆ ತೆರೆದುಕೊಳ್ಳುತ್ತದೆ. ಕೆಲಸವಿಲ್ಲದಾಗ ನಿದ್ರಿಸುವ ಅವರು ಏಳುವ ತನಕ ಹೊರಗಿನ ಮಾನಿಟರ್ ಕತ್ತಲಲ್ಲೇ ಕಾಯುತ್ತದೆ.

ಲಿನಕ್ಸ್‌ನಲ್ಲಿ ಆಪ್ಟಿಮಸ್ ನಡೆಯುವಂತೆ ಮಾಡುವತ್ತ ಕಂಪನಿ ತಿರುಗಿಯೂ ನೋಡದಿದ್ದಾಗ, ಸಾಹೇಬರಿಂದ ಕೆಲಸ ಮಾಡಿಸಲು ಸ್ವಯಂಸೇವಕರು 2011ರಲ್ಲಿ ಬಂಬಲ್‌ಬೀ ಎಂಬ ತಂತ್ರಾಂಶ ಕಟ್ಟಿದರು. ಅದರ ಅನುಸ್ಥಾಪನಾ ಲಿಪಿಯಲ್ಲಿ ಎಲ್ಲೋ ನುಸುಳಿದ ಒಂದೇ ಒಂದು ಖಾಲಿ ಜಾಗ ಬಳಕೆದಾರರ ಯಂತ್ರದಲ್ಲಿ ತಂತ್ರಾಂಶಗಳೆಲ್ಲ ನೆಲೆಸಿರುವ 'ಯುಎಸ್‌ಆರ್' ಕಡತಕೋಶವನ್ನೇ ಸಾರಾಸಗಟಾಗಿ ಅಳಿಸಿಹಾಕಿತು; ಗ್ರಾಫಿಕ್ಸ್ ಸಮಸ್ಯೆಗೆ ಇಷ್ಟು ಸಮೂಲವಾದ ಪರಿಹಾರ ಅದಾದ ಮೇಲೆ ಯಾರಿಗೂ ಹೊಳೆದಿಲ್ಲ. ಮರುವರ್ಷ ಫಿನ್‌ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದಲ್ಲಿ ಇದೇ ಆಪ್ಟಿಮಸ್ ಬಗ್ಗೆ ಪ್ರಶ್ನೆ ಬಂದಾಗ ಲಿನಕ್ಸ್‌ನ ಜನಕ ಲಿನಸ್ ಟೋರ್ವಾಲ್ಡ್ಸ್ ಕ್ಯಾಮೆರಾದತ್ತ ನಡುಬೆರಳೆತ್ತಿ ಕಂಪನಿಗೆ ಉತ್ತರಿಸಿದರು. ಆಪ್ಟಿಮಸ್ ಕುರಿತ ದಾಖಲೆಗಳಲ್ಲಿ ಒಂದೇ ಓದಿಗೆ ಅರ್ಥವಾಗುವುದು ಬಹುಶಃ ಅದೊಂದೇ.

2019ರಿಂದ ಅಧಿಕೃತ ಮಾರ್ಗವೂ ಉಂಟು. ಯಾವ ಆಟ ಸಾಹೇಬರ ಸಮಕ್ಷಮಕ್ಕೆ ಹೋಗಬೇಕೋ ಅದರ ಆದೇಶದ ಮುಂದೆ, ತಲೆಯ ಮೇಲೆ ಎರಡೆರಡು ಅಡಿಗೆರೆ ಹೊತ್ತ 'ಪ್ರೈಮ್ ರೆಂಡರ್ ಆಫ್‌ಲೋಡ್' ಮೊದಲಾದ ಚರಾಂಶಗಳನ್ನು, ಅಂದರೆ ವ್ಯವಸ್ಥೆಗೆ ಸೂಚನೆ ಕೊಡುವ ಹೆಸರುಗಳನ್ನು, ಬರೆದು ಅರ್ಜಿ ಹಾಕಬೇಕು. ಒಂದಕ್ಷರ ತಪ್ಪಿದರೆ ಅರ್ಜಿ ತಿರಸ್ಕೃತವಾಯಿತೆಂದು ಯಾರೂ ಹೇಳುವುದಿಲ್ಲ. ಗುಮಾಸ್ತನೇ ಏದುಸಿರು ಬಿಡುತ್ತ ಆಟ ಆಡಿಸುತ್ತಾನೆ, ನಾವು ಸಾಹೇಬರ ಸಾಮರ್ಥ್ಯ ಇಷ್ಟೇ ಎಂದುಕೊಳ್ಳುತ್ತೇವೆ. ಲಿನಕ್ಸ್‌ನ ತಿರುಳಾದ ಕರ್ನಲ್‌ನ ನವೀಕರಣದ ದಿನ, ಕಾರ್ಡನ್ನು ನಡೆಸುವ ಚಾಲಕ ತಂತ್ರಾಂಶವನ್ನು ಹೊಸದಾಗಿ ಕಟ್ಟಬೇಕು. ಕಟ್ಟಿದ್ದಕ್ಕೆ ಮುದ್ರೆ ಇಲ್ಲದಿದ್ದರೆ ಸೆಕ್ಯೂರ್ ಬೂಟ್ ಎಂಬ ಕಾವಲುಗಾರ ಬಾಗಿಲಲ್ಲೇ ತಡೆಯುತ್ತದೆ. ಮುಕ್ತ ಚಾಲಕವಾದ ನೂವೋ ಬಳಸೋಣವೆಂದರೆ, 2014ರ ನಂತರದ ಎಷ್ಟೋ ಕಾರ್ಡುಗಳು ಕಂಪನಿಯ ಸಹಿಯಿರುವ ಫರ್ಮ್‌ವೇರ್ (ಕಾರ್ಡಿನೊಳಗೇ ಓಡುವ ತಂತ್ರಾಂಶ) ಇಲ್ಲದೆ ಅದರ ಕೈಯಲ್ಲಿ ವೇಗ ಹೆಚ್ಚಿಸಿಕೊಳ್ಳಲು ಒಪ್ಪುವುದಿಲ್ಲ.

ಇಷ್ಟೆಲ್ಲ ಮುಗಿದ ಮೇಲೆ ಬ್ಯಾಟರಿ ಬೇಗ ಖಾಲಿಯಾಗುವುದನ್ನು ಕಂಡು, ಹರಸಾಹಸಪಟ್ಟು ಎಬ್ಬಿಸಿದವರನ್ನೇ ಮತ್ತೆ ಮಲಗಿಸುವ ಪ್ರಯತ್ನ ಶುರುವಾಗುತ್ತದೆ. ನಿದ್ದೆ ಹತ್ತಿತೇ ಎಂದು ನೋಡಲು ಕಾರ್ಡಿನ ಸ್ಥಿತಿ ತಿಳಿಸುವ 'ಎನ್‌ವಿಡಿಯಾ ಎಸ್‌ಎಂಐ' ಆದೇಶ ಕೊಟ್ಟರೆ, ಆ ವಿಚಾರಣೆಯಿಂದಲೇ ಸಾಹೇಬರು ಎದ್ದು ಕುಳಿತು, ತಾವು ಎಚ್ಚರವಾಗಿಯೇ ಇರುವುದಾಗಿ ವರದಿ ಒಪ್ಪಿಸುತ್ತಾರೆ.