ಗಾಳಿಯಂತ್ರದ ಉಕ್ಕು ತೂಗುವವರು

ಆ ಫಾರ್ವರ್ಡ್ ಮತ್ತೆ ಬಂದಿದೆ. ನಿಮಗೂ ಬಂದಿರುತ್ತೆ ಬಿಡಿ. ಎರಡು ಮೆಗಾವಾಟ್ ಗಾಳಿಯಂತ್ರಕ್ಕೆ 260 ಟನ್ ಉಕ್ಕು, ಆ ಉಕ್ಕಿಗೆ 170 ಟನ್ ಕಲ್ಲಿದ್ದಲು. ಕಳಚಿ ಬೀಳುವವರೆಗೂ ತಿರುಗಿದರೂ ಹಾಕಿದ ಶಕ್ತಿ ವಾಪಸ್ ಬರಲ್ಲವಂತೆ. ಕೆಳಗೆ ಕೆನಡಾದ ವಿದ್ವಾಂಸ ಥಾಮಸ್ ಹೋಮರ್-ಡಿಕ್ಸನ್ ಹೆಸರು.

ಪಾಪ, ಬರೆದವರು ಅವರಲ್ಲ. ಅವರು 2009ರಲ್ಲಿ ಸಂಪಾದಿಸಿದ ಪುಸ್ತಕದಲ್ಲಿ ಡೇವಿಡ್ ಹ್ಯೂಸ್ ಎಂಬ ಭೂವಿಜ್ಞಾನಿ ಬರೆದದ್ದು. ಗಾಳಿ ಚೆನ್ನಾಗಿರುವ ಕಡೆ ಮೂರು ವರ್ಷದೊಳಗೇ ಹಾಕಿದ್ದು ಹುಟ್ಟಬಹುದು, ಗಾಳಿಯಿಲ್ಲದ ಕಡೆ ನೆಟ್ಟರೆ ಎಂದೂ ಹುಟ್ಟದಿರಬಹುದು ಎಂದು. ಕತ್ತರಿ ಹಿಡಿದ ಪುಣ್ಯಾತ್ಮರು ಮೊದಲರ್ಧ ಎಸೆದರು. ನೆಲಮಾಳಿಗೆಯಲ್ಲಿ ಮಾವಿನ ಸಸಿ ನೆಟ್ಟು, ಮಾವು ಕಾಯಿ ಬಿಡುವ ಜಾತಿಯೇ ಅಲ್ಲ ಅಂದಂಗಾಯ್ತು.

ಇದನ್ನು ಹಂಚುವವರ ಲೆಕ್ಕದ ಶಿಸ್ತನ್ನು ಮೆಚ್ಚಲೇಬೇಕು. ಗಾಳಿಯಂತ್ರ ಅಂದರೆ ಬೋಲ್ಟು, ಸಿಮೆಂಟು, ಲಾರಿಯ ಡೀಸೆಲ್ಲು ಎಲ್ಲಾ ಬರೆದುಕೊಳ್ಳುತ್ತಾರೆ. ಕಲ್ಲಿದ್ದಲು ಮಾತ್ರ ತಾನೇ ನಡೆದು ಬಂದು ಬಾಯ್ಲರಿಗೆ ಹಾರಿಕೊಳ್ಳುತ್ತದೆ! ಅದರ ಕಾವಿನಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಚಿಮಣಿಗೂ ಕೂಲಿಂಗ್ ಟವರಿಗೂ ಹೋಗುತ್ತಲ್ಲ, ಅದು ಯಾವ ಖಾತೆಗೆ? ಬ್ರಿಟನ್ನಿನ ಲೀಡ್ಸ್ ವಿಶ್ವವಿದ್ಯಾಲಯದ ಪಾಲ್ ಬ್ರಾಕ್ವೇ ಮತ್ತು ಸಂಗಡಿಗರು 2019ರಲ್ಲಿ ಕೂತು ಲೆಕ್ಕ ಹಾಕಿದರು. ಗಣಿಯ ಬಾಯಲ್ಲಿ, ತೈಲಬಾವಿಯ ಬಾಯಲ್ಲಿ ಅಳೆದರೆ ಹಾಕಿದ ಒಂದು ಪಾಲು ಶಕ್ತಿಗೆ ಸುಮಾರು 30 ಪಾಲು ಕೊಡುವ ಇಂಧನ, ವಿದ್ಯುತ್ ಆಗಿ ಕೈಗೆ ಸಿಗುವ ಹೊತ್ತಿಗೆ ಒಂದಕ್ಕೆ 3.

ಸೋಲಾರ್ ಕಥೆ ಇನ್ನೂ ಮಜಾ. 2016ರಲ್ಲಿ ಇಬ್ಬರು ಸಂಶೋಧಕರು ಸ್ವಿಟ್ಜರ್ಲೆಂಡಿನ ಬಿಸಿಲಿಗೆ ಪ್ಯಾನೆಲ್ ಹಿಡಿದು, ಒಂದು ಹಾಕಿದರೆ 0.8 ಬರುತ್ತದೆ ಎಂದರು. ಕೂಲಿಯನ್ನೂ ಬಂಡವಾಳವನ್ನೂ ಶಕ್ತಿ ಎಂದೇ ಕೂಡಿಸಿದ್ದರು. ಮರುವರ್ಷ ವಿಜ್ಞಾನಿಗಳ ಒಂದು ದಂಡೇ ಕೂತು ತಿದ್ದಿತು: 7ರಿಂದ 10. ಅದೇ ಬಿಸಿಲು, ಅದೇ ಸೂರ್ಯ. 0.8 ಈಗಲೂ ಓಡಾಡುತ್ತಿದೆ. 7ರ ಕಡೆ ಯಾರೂ ತಿರುಗಿ ನೋಡಲಿಲ್ಲ.

ಯಾವುದನ್ನು ಲೆಕ್ಕಕ್ಕೆ ಸೇರಿಸಬೇಕು, ಯಾವುದನ್ನು ಬಿಡಬೇಕು, ಗೆರೆ ಎಲ್ಲಿ ಎಳೆಯಬೇಕು ಅನ್ನುವುದು ನಿಜಕ್ಕೂ ಕಷ್ಟದ ಪ್ರಶ್ನೆ, ಒಪ್ಪುತ್ತೇನೆ. ಆದರೆ ಇವರಿಗೆ ಆ ಕಷ್ಟವೇ ಬೇಕಿಲ್ಲ. ಉತ್ತರ ಮೊದಲೇ ಜೇಬಿನಲ್ಲಿದೆ, ಲೆಕ್ಕ ಸುಮ್ನೆ ಮೆರವಣಿಗೆಗೆ. ಎಷ್ಟು ಸಲ ತಿದ್ದುವುದು? ಸಾಕಾಗಿ ಹೋಗಿದೆ.

ಅಂದಹಾಗೆ ಅಮೆರಿಕದ ಮೆಕ್ಕೆಜೋಳದ ಎಥೆನಾಲ್. ಗೊಬ್ಬರ, ಟ್ರ್ಯಾಕ್ಟರ್, ಭಟ್ಟಿ ಎಲ್ಲಾ ಸೇರಿಸಿ ಅಲ್ಲಿನ ಕೃಷಿ ಇಲಾಖೆಯೇ 2002ರಲ್ಲಿ ಕೊಟ್ಟ ಅಂಕಿ ಒಂದಕ್ಕೆ 1.34. ಕಾರ್ನೆಲ್ ವಿಶ್ವವಿದ್ಯಾಲಯದ ಡೇವಿಡ್ ಪಿಮೆಂಟೆಲ್ ಹಾಕಿದ ಒಂದೂ ವಾಪಸ್ ಬರಲ್ಲ ಎಂದು ಹಟ ಹಿಡಿದಿದ್ದರು. ಆದರೂ 2005ರಲ್ಲಿ ಅದನ್ನು ಪೆಟ್ರೋಲಿಗೆ ಬೆರೆಸಲು ಕಾನೂನೇ ಬಂತು. ಗಾಳಿಯಂತ್ರದ ಉಕ್ಕು ತೂಗುವ ಮಹನೀಯರು ಆ ಟ್ರ್ಯಾಕ್ಟರನ್ನು ತೂಗಿದ್ದನ್ನು ನಾನಂತೂ ನೋಡಿಲ್ಲ.