ಕರಾವಳಿಗೆ ತನ್ನದೇ ಮಾಸ್ಟೊಡಾನ್ ಸರ್ವರ್ ಬೇಕೇ?

ಮಾಸ್ಟೊಡಾನ್ ಎಂದರೆ ಟ್ವಿಟರ್‌ನಂಥ ಸಾಮಾಜಿಕ ಜಾಲತಾಣ, ಆದರೆ ಒಂದೇ ಕಂಪನಿಯದಲ್ಲ: ಬೇರೆ ಬೇರೆಯವರು ನಡೆಸುವ ಸರ್ವರ್‌ಗಳು ಪರಸ್ಪರ ಜೋಡಿಕೊಂಡಿರುತ್ತವೆ. ಇಂಥ ವಿಕೇಂದ್ರಿತ ಜಾಲತಾಣಗಳಿಗೆ ಬಂದವರಲ್ಲಿ ಹಲವರು ಹೆಚ್ಚು ದಿನ ನಿಲ್ಲುವುದಿಲ್ಲ. ಹಾಗಿರುವಾಗ ಮಂಗಳೂರು–ಉಡುಪಿಯ ಸಂಘಸಂಸ್ಥೆಗಳು ಸೇರಿ ತಮ್ಮದೇ ಸರ್ವರ್ ನಡೆಸುವುದರಲ್ಲಿ ಅರ್ಥ ಉಂಟೇ?

ಪರ: ಒಬ್ಬೊಬ್ಬರನ್ನಲ್ಲ, ಗುಂಪನ್ನೇ ಕರೆತನ್ನಿ

ಒಂದೇ ಕಂಪನಿಯ ಕೈಯಲ್ಲಿದ್ದ ತಾಣಗಳಾದರೂ ಎಲ್ಲಿ ಉಳಿದವು? ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ ಮುಚ್ಚಿತು, ಗೂಗಲ್ ಪ್ಲಸ್ 2019ರ ಏಪ್ರಿಲ್‌ನಲ್ಲಿ. ಕನ್ನಡದಲ್ಲೇ ಬರೆಯಲು ಕರೆದ ಬೆಂಗಳೂರಿನ 'ಕೂ' ತಾಣ 2020ರಲ್ಲಿ ಹುಟ್ಟಿ 2024ರ ಜುಲೈಯಲ್ಲಿ ಬಾಗಿಲು ಹಾಕಿತು. ಅಲ್ಲಿ ಬರೆದವರನ್ನು ಕೇಳಿ ಯಾರೂ ಮುಚ್ಚಲಿಲ್ಲ.

ಮಾಸ್ಟೊಡಾನ್‌ನಿಂದ ಜನ ವಾಪಸಾಗುವುದಕ್ಕೆ ದೊಡ್ಡ ಕಾರಣ ಖಾಲಿ ಪುಟ. ಅಲ್ಲಿ ಫಾಲೋ ಮಾಡಿದವರ ಪೋಸ್ಟ್‌ಗಳು ಸಮಯದ ಕ್ರಮದಲ್ಲಿ ಬರುತ್ತವೆ, ಫೀಡ್ ತುಂಬಿಸಿ ಕೊಡುವ ಅಲ್ಗಾರಿದಮ್ ಇಲ್ಲ. ಬಂಟ್ವಾಳದವರೊಬ್ಬರು ಜರ್ಮನಿಯ ಸರ್ವರ್‌ನಲ್ಲಿ ಒಬ್ಬರೇ ಖಾತೆ ತೆರೆದರೆ ಎರಡನೇ ದಿನಕ್ಕೆ ಬೇಸರ ಬರುವುದು ಸಹಜ. ಆದ್ದರಿಂದ ಮೊದಲು ವಿಷಯ ತುಂಬಬೇಕು, ಆಮೇಲೆ ಜನರನ್ನು ಕರೆಯಬೇಕು.

ಯಕ್ಷಗಾನವನ್ನೇ ನೋಡಿ. ನವೆಂಬರ್‌ನಿಂದ, ಮೇ ಕೊನೆಗೆ ಬರುವ ಪತ್ತನಾಜೆಯವರೆಗೆ ಇವತ್ತಿನ ಆಟ ಎಲ್ಲಿ ಎಂಬ ವಿವರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಚಿತ್ರವಾಗಿ ಓಡಾಡುತ್ತದೆ, ಗುಂಪಿನಲ್ಲಿಲ್ಲದವರಿಗೆ ಸಿಗುವುದಿಲ್ಲ. ಮೇಳಕ್ಕೊಂದು ಖಾತೆ ಇರಲಿ, ಬೆಳಿಗ್ಗೆ ಒಂದು ಪೋಸ್ಟ್ ಬೀಳಲಿ: ಊರು, ಜಾಗ, ಪ್ರಸಂಗ, ಆರಂಭದ ಗಂಟೆ, ಕಾಲಮಿತಿಯೋ ಇಡೀ ರಾತ್ರಿಯೋ. ಮಾಸ್ಟೊಡಾನ್‌ನ 500 ಅಕ್ಷರಗಳಲ್ಲಿ ಇದು ಧಾರಾಳ ಹಿಡಿಯುತ್ತದೆ. ಸಾರ್ವಜನಿಕ ಪೋಸ್ಟ್ ಓದಲು ಖಾತೆಯೇ ಬೇಡ. ಪ್ರೊಫೈಲ್ ವಿಳಾಸದ ಕೊನೆಗೆ '.rss' ಸೇರಿಸಿದರೆ, ಹಲವು ತಾಣಗಳ ಹೊಸ ಬರಹಗಳನ್ನು ಒಂದೆಡೆ ತೋರಿಸುವ ಫೀಡ್ ರೀಡರ್‌ನಲ್ಲೂ ಬರುತ್ತದೆ. ಓದಲು ಬಂದವರಲ್ಲಿ ಕೆಲವರು ಬರೆಯಲು ಉಳಿಯುತ್ತಾರೆ.

ನೋಂದಣಿಯನ್ನು ಎಲ್ಲರಿಗೂ ತೆರೆದಿಡಬೇಡಿ, ಸ್ಪ್ಯಾಮ್ ಖಾತೆಗಳು ಮುತ್ತುತ್ತವೆ. ಸಂಘದ ಕಾರ್ಯದರ್ಶಿ ಇನ್ವೈಟ್ ಲಿಂಕ್ ಕೊಡಲಿ. ಸೇರಿದವರು ಲಿಂಕ್ ಕೊಟ್ಟವರನ್ನು ತಾನಾಗಿ ಫಾಲೋ ಮಾಡುವ ಆಯ್ಕೆ ಅದರಲ್ಲೇ ಉಂಟು. ಜೊತೆಗೆ ಸ್ಥಳೀಯ ಖಾತೆಗಳ ಸಿಎಸ್‌ವಿ ಪಟ್ಟಿ (ಕೋಷ್ಟಕದಂಥ ಸಾದಾ ಕಡತ) ಕೊಟ್ಟು ಇಂಪೋರ್ಟ್ ಮಾಡಿಸಿದರೆ ಮೊದಲ ದಿನವೇ ಪುಟ ತುಂಬುತ್ತದೆ.

ಮೂರು ಕಡೆ ಎಚ್ಚರ ಬೇಕು. ಡೊಮೇನ್ ಹೆಸರನ್ನು ಆಮೇಲೆ ಬದಲಿಸಲಾಗದು, ಅದನ್ನು ಸಂಘದ ಹೆಸರಿನಲ್ಲೇ ನೋಂದಾಯಿಸಿ. ಹೊರಗಿನ ಸರ್ವರ್‌ಗಳ ಚಿತ್ರ, ವೀಡಿಯೊಗಳು ಪ್ರತಿಗಳಾಗಿ ನಮ್ಮ ಸರ್ವರ್‌ನಲ್ಲಿ ಸೇರುತ್ತ ಹೋಗುತ್ತವೆ. 7 ದಿನಕ್ಕೆ ಅಳಿಸುವಂತೆ ಅಡ್ಮಿನ್ ಸೆಟ್ಟಿಂಗ್ಸ್‌ನಲ್ಲಿ ಹಾಕದಿದ್ದರೆ ಡಿಸ್ಕ್ ತುಂಬಿ ಡೇಟಾಬೇಸ್ ನಿಂತುಬಿಡುತ್ತದೆ. ಬ್ಯಾಕಪ್ ಎಂದರೆ ಬರೀ ಡೇಟಾಬೇಸ್ ಅಲ್ಲ, ಅಪ್‌ಲೋಡ್ ಆದ ಕಡತಗಳೂ ರಹಸ್ಯ ಕೀಲಿಗಳಿರುವ ಕಾನ್ಫಿಗರೇಶನ್ ಫೈಲೂ ಸೇರಬೇಕು.

ವಿರೋಧ: ತೊಡಕು ಜಾಲದ ಒಳಗೇ ಇದೆ

2019ರ ನವೆಂಬರ್‌ನಲ್ಲಿ, ಹಿರಿಯ ವಕೀಲ ಸಂಜಯ್ ಹೆಗ್ಡೆ ಅವರ ಟ್ವಿಟರ್ ಖಾತೆ ಅಮಾನತಾದ ಮೇಲೆ, ಸಾವಿರಾರು ಭಾರತೀಯರು ಮಾಸ್ಟೊಡಾನ್‌ಗೆ ಹೋದರು. ಅವರು ಹೋದದ್ದು ಗುಂಪಾಗಿಯೇ, ಆದರೂ ಹೆಚ್ಚಿನವರು ಮರಳಿದರು. 2022ರ ಅಕ್ಟೋಬರ್‌ನಲ್ಲಿ ಇಲಾನ್ ಮಸ್ಕ್ ಟ್ವಿಟರ್ ಕೊಂಡಾಗ ಮಾಸ್ಟೊಡಾನ್‌ನ ತಿಂಗಳ ಸಕ್ರಿಯ ಬಳಕೆದಾರರು ಸುಮಾರು 25 ಲಕ್ಷಕ್ಕೆ ಏರಿದರು. ಆಮೇಲೆ ಆ ಸಂಖ್ಯೆ ಅರ್ಧಕ್ಕಿಂತ ಕೆಳಗೆ ಇಳಿಯಿತು.

ಯಾಕೆ ಎಂದು ತಿಳಿಯಬೇಕಾದರೆ ಒಂದು ಫಾಲೋ ಮಾಡಿ ನೋಡಬೇಕು. ಗೆಳೆಯರು ಕಳಿಸಿದ ಲಿಂಕ್ ಒತ್ತಿದರೆ ಬ್ರೌಸರ್‌ನಲ್ಲಿ ಅವರ ಸರ್ವರ್ ತೆರೆಯುತ್ತದೆ, ಅಲ್ಲಿ ನೀವು ಲಾಗಿನ್ ಆಗಿಲ್ಲ. ಫಾಲೋ ಒತ್ತಿದರೆ ನಿಮ್ಮ ಸರ್ವರ್ ಯಾವುದು ಎಂದು ಕೇಳುತ್ತದೆ. ಇಲ್ಲವಾದರೆ ವಿಳಾಸ ಕಾಪಿ ಮಾಡಿ, ನಿಮ್ಮ ಸರ್ವರ್‌ಗೆ ಹೋಗಿ, ಹುಡುಕುವ ಪೆಟ್ಟಿಗೆಯಲ್ಲಿ ಅಂಟಿಸಬೇಕು. ಅಷ್ಟು ಮಾಡಿದ ಮೇಲೂ ಪ್ರೊಫೈಲ್ ಹೆಚ್ಚುಕಡಿಮೆ ಖಾಲಿ ಕಾಣುತ್ತದೆ, ಏಕೆಂದರೆ ನಮ್ಮ ಸರ್ವರ್‌ನವರು ಯಾರಾದರೂ ಫಾಲೋ ಮಾಡಿದ ಮೇಲಿನ ಪೋಸ್ಟ್‌ಗಳು ಮಾತ್ರ ಇಲ್ಲಿಗೆ ತಲುಪುತ್ತವೆ. ಸರ್ವರ್ ಸಣ್ಣದಾದಷ್ಟೂ ಈ ಕೊರತೆ ದೊಡ್ಡದು. ಒಂದೇ ಚರ್ಚೆಯಲ್ಲಿ ಇಲ್ಲಿ ಮೂರು ಉತ್ತರ, ಅಲ್ಲಿ ಮೂವತ್ತು ಕಾಣುವುದೂ ಇದೇ ಕಾರಣಕ್ಕೆ. ಹೊಸ ಆವೃತ್ತಿಗಳಲ್ಲಿ ಇದನ್ನು ಸ್ವಲ್ಪ ಸರಿಪಡಿಸಿದ್ದಾರೆ, ಪೂರ್ತಿ ಅಲ್ಲ. ಸಿಎಸ್‌ವಿ ಪಟ್ಟಿಯಿಂದ ಇದು ನೀಗುವ ಸಮಸ್ಯೆಯಲ್ಲ.

ಬೇಡವಾದರೆ ಬೇರೆ ಸರ್ವರ್‌ಗೆ ಹೋಗಬಹುದು ಎನ್ನುತ್ತಾರೆ. ಹೋಗಬಹುದು, ಫಾಲೋವರ್‌ಗಳು ಜೊತೆಗೆ ಬರುತ್ತಾರೆ, ಆದರೆ ಬರೆದದ್ದೆಲ್ಲ ಹಳೆಯ ಜಾಗದಲ್ಲೇ ಉಳಿಯುತ್ತದೆ. ಅದಕ್ಕೂ ಹಳೆಯ ಸರ್ವರ್ ಜೀವಂತ ಇರಬೇಕು. ಅಫ್ಘಾನಿಸ್ತಾನದ ಡೊಮೇನ್ ಬಳಸುತ್ತಿದ್ದ 'ಕ್ವಿಯರ್ ಡಾಟ್ ಎಎಫ್' ಸರ್ವರ್‌ನ ವಿಳಾಸವನ್ನು 2024ರ ಫೆಬ್ರವರಿಯಲ್ಲಿ ತಾಲಿಬಾನ್ ಆಡಳಿತ ರದ್ದು ಮಾಡಿತು, ಸರ್ವರ್ ಅಲ್ಲಿಗೇ ಮುಗಿಯಿತು.

ನಮ್ಮ ಊರಿಗೆ ಇನ್ನೊಂದು ಗಂಭೀರ ಕಾರಣ ಉಂಟು. ಮಾಸ್ಟೊಡಾನ್‌ನ ಖಾಸಗಿ ಸಂದೇಶಗಳಿಗೆ ಎಂಡ್-ಟು-ಎಂಡ್ ಎನ್‌ಕ್ರಿಪ್ಶನ್ (ಕಳಿಸಿದವರು, ಪಡೆದವರು ಮಾತ್ರ ಓದಬಲ್ಲ ಗೂಢಲಿಪಿ) ಇಲ್ಲ, ಡೇಟಾಬೇಸ್ ಕೈಯಲ್ಲಿರುವವರು ಓದಬಲ್ಲರು. ಆ ಅಡ್ಮಿನ್ ಎಲ್ಲಿಯೋ ದೂರದವರಲ್ಲ, ದೈವದ ನೇಮಕ್ಕೆ, ಮದುವೆಗೆ ಸಿಗುವವರು. ಇನ್ನು ನಿಗಾ: ಇಲ್ಲಿ ಬರೆಯುವವರು ತುಳು, ಕೊಂಕಣಿ, ಬ್ಯಾರಿ, ಕನ್ನಡ ನಾಲ್ಕರಲ್ಲೂ ಬರೆಯುತ್ತಾರೆ. ರಾತ್ರಿ 11ಕ್ಕೆ ಕೋಮುದ್ವೇಷದ ಒಂದು ಸುಳ್ಳು ಪೋಸ್ಟ್ ಬಿದ್ದರೆ ಓದಿ, ಅರ್ಥಮಾಡಿಕೊಂಡು, ತಕ್ಷಣ ತೆಗೆಯಲು ಸಂಬಳವಿಲ್ಲದ ಎಷ್ಟು ಜನ ಎಚ್ಚರ ಇರುತ್ತಾರೆ? ತೆಗೆದರೂ ಇತರ ಸರ್ವರ್‌ಗಳಿಗೆ ಹೋಗುವುದು ಅಳಿಸಿ ಎಂಬ ಕೋರಿಕೆ ಮಾತ್ರ, ಅದನ್ನು ಪಾಲಿಸದ ಸರ್ವರ್‌ನಲ್ಲಿ ಪ್ರತಿ ಉಳಿದುಕೊಳ್ಳುತ್ತದೆ.

ಆಟದ ವೇಳಾಪಟ್ಟಿಗೆ ದಿನವೂ ತಿದ್ದುವ ಒಂದು ಸಾದಾ ವೆಬ್‌ಪುಟ ಸಾಕು. ಮಾಸ್ಟೊಡಾನ್ ಬೇಕೇ ಬೇಕು ಎನ್ನುವವರು ನಿಗಾ ಇಡುವ ಹಲವು ಮಾಡರೇಟರ್‌ಗಳಿರುವ ಹಳೆಯ, ದೊಡ್ಡ ಸರ್ವರ್‌ನಲ್ಲಿ ಖಾತೆ ತೆರೆದು, ಅಲ್ಲಿಂದ ಆ ಪುಟದ ಲಿಂಕ್ ಹಂಚಿಕೊಳ್ಳಲಿ.