ಹೋದವನು ಬಂದ, ಸರಿ, ಇದ್ದವನು?

ಊರಿಗೆ ಬಂದ ಮೊದಲ ವಾರ ಇಲ್ಲಿ ಒಂದು ಫೋಟೋ ಹಾಕಿದ್ದೆ, ಕೆಲವರಿಗಾದರೂ ನೆನಪಿರಬಹುದು. ಕೆಸರು ಮೆತ್ತಿದ ಹವಾಯಿ ಚಪ್ಪಲಿ, ಹಿಂದೆ ಮಸುಕಾಗಿ ಅಡಿಕೆ ತೋಟ, ಮೇಲೆ ‘ಮರಳಿ ಗೂಡಿಗೆ’ ಎಂಬ ಎರಡು ಪದ. ನಾನು ಈವರೆಗೆ ಬರೆದ ಯಾವುದಕ್ಕೂ ಬಾರದಷ್ಟು ಮೆಚ್ಚುಗೆ ಅದಕ್ಕೆ ಬಂತು. ಧೈರ್ಯ ಬೇಕು ಎಂದರು ಕೆಲವರು. ನಮಗೂ ದಾರಿ ತೋರಿಸಿದಿರಿ ಎಂದರು ಇನ್ನು ಕೆಲವರು. ಆ ಚಪ್ಪಲಿ ನನ್ನದಲ್ಲ, ತಮ್ಮನದು. ಎಂಟು ತಿಂಗಳ ಮೇಲೆ ಈಗ ಹೇಳುತ್ತಿದ್ದೇನೆ.

ನಮ್ಮದು ಶರಾವತಿ ಹಿನ್ನೀರಿನ ಆಚೆ, ತುಮರಿ ಕಡೆಯ ಊರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ನಮಗೂ ಸಾಗರ ಪೇಟೆಗೂ ನಡುವೆ ನೀರು. ಹದಿನಾರು ವರ್ಷದ ಹಿಂದೆ ಕಳಸವಳ್ಳಿಯ ದಡದಲ್ಲಿ ಲಾಂಚ್ ಹತ್ತಿ ಬೆಂಗಳೂರಿಗೆ ಹೋದವನು ನಾನು. ವಾಪಸು ಬಂದದ್ದು 2025ರ ಅಕ್ಟೋಬರಿನಲ್ಲಿ, ಅದೇ ವರ್ಷದ ಜುಲೈ 14ರಂದು ಉದ್ಘಾಟನೆಯಾದ ಸೇತುವೆಯ ಮೇಲೆ. ಉದ್ದ 2.44 ಕಿಲೋಮೀಟರ್, ಕಾರಿನಲ್ಲಿ ಮೂರ್ನಾಲ್ಕು ನಿಮಿಷ. ಸೇತುವೆ ಕಟ್ಟಿದ ಮೇಲೆ ಬರುವುದರಲ್ಲಿ ಯಾವ ಧೈರ್ಯವಿದೆ? ಒಂದು ಬೇಸಿಗೆಯಲ್ಲಿ ಹಿನ್ನೀರು ಇಳಿದು, ಲಾಂಚಿಗೆ ವಾಹನ ಹತ್ತಿಸುವುದನ್ನು ನಿಲ್ಲಿಸಿದ್ದಾಗ ಅಪ್ಪಯ್ಯನಿಗೆ ಎದೆನೋವು ಬಂತು. ಹೊಸನಗರದ ಸುತ್ತುದಾರಿಯಲ್ಲಿ ರಾತ್ರಿಯಿಡೀ ಜೀಪು ಓಡಿಸಿದವನು ತಮ್ಮ. ನಾನು ಅರ್ಧ ಗಂಟೆಗೊಮ್ಮೆ ಫೋನು ಮಾಡಿ ‘ಎಲ್ಲಿಗೆ ಬಂದಿರಿ?’ ಎಂದು ಕೇಳುತ್ತಿದ್ದೆ.

ಬಂದ ಮೇಲೆ ಮನೆಯಲ್ಲಿ ನನ್ನ ಜಾಗ ಇದ್ದಂತೆಯೇ ಇರುತ್ತದೆ ಎಂಬ ಒಂದು ಹುಂಬ ನಂಬಿಕೆ ಇತ್ತು. ನನ್ನ ಕೋಣೆಯಲ್ಲಿ ಅಡಿಕೆ ಚೀಲಗಳಿದ್ದವು. ಅವುಗಳನ್ನು ಎಲ್ಲಿಗೆ ಸಾಗಿಸುವುದು ಎಂಬ ಚರ್ಚೆಯೇ ನಾಲ್ಕು ದಿನ ನಡೆಯಿತು. ಅಡುಗೆಮನೆಯಲ್ಲಿ ನನ್ನ ಹೆಂಡತಿ ಏನು ಮುಟ್ಟಿದರೂ ‘ನೀವು ಕೂತುಕೊಳ್ಳಿ ಅಕ್ಕ’ ಎಂಬ ಮಾತು. ಅದು ಪ್ರೀತಿಯ ಮಾತೇ. ನೆಂಟರಿಗೂ ಅದನ್ನೇ ಹೇಳುತ್ತಾರೆ. ಹೊಳೆಗೆ ಬಿದ್ದ ಕಲ್ಲಿನ ಸುತ್ತ ನೀರು ಬೇರೆ ದಾರಿ ಹಿಡಿಯುತ್ತದಲ್ಲ, ಹಾಗೆ ನಮ್ಮ ಸುತ್ತ ಮನೆ ತನ್ನ ಪಾಡಿಗೆ ಹರಿಯುತ್ತಿತ್ತು.

ಸಂಬಳದ ಕೆಲಸ ಅಷ್ಟು ತೊಂದರೆ ಕೊಡಲಿಲ್ಲ. ಬೆಂಗಳೂರಿನ ಕೆಲವು ಅಂಗಡಿಗಳ ಜಿಎಸ್‌ಟಿ ಲೆಕ್ಕ ನೋಡುತ್ತೇನೆ, ಇಲ್ಲಿಂದಲೂ ಅದೇ. ಏಕಾದಶಿ, ಸಂಕಷ್ಟಿಯ ಸಾಲಿಗೆ ಈಗ ಜಿಎಸ್‌ಟಿ ರಿಟರ್ನ್ ಸಲ್ಲಿಸುವ ಕೊನೆಯ ದಿನಗಳಾದ ಪ್ರತಿ ತಿಂಗಳ 11 ಮತ್ತು 20ನೆಯ ತಾರೀಖೂ ಸೇರಿವೆ. ‘ನಾಳೆ ಇಪ್ಪತ್ತು, ಕರೆಂಟು ಇರುವಾಗಲೇ ಮುಗಿಸು’ ಎಂದು ಅಮ್ಮ ಹಿಂದಿನ ದಿನವೇ ಎಚ್ಚರಿಸುತ್ತಾಳೆ. ಯಾವ ಕಚೇರಿಯಲ್ಲೂ ನನಗೆ ಇಂಥ ಮ್ಯಾನೇಜರ್ ಸಿಕ್ಕಿರಲಿಲ್ಲ.

ಕಷ್ಟವಾದದ್ದು ತೋಟದ ಕೆಲಸ. ನವೆಂಬರಿನಲ್ಲಿ ಕೊಯ್ಲು ಶುರುವಾಗಿ, ರಾತ್ರಿ ಸುಲಿಯಲು ಕೂತರು. ಯಂತ್ರವಿದೆ, ಆದರೂ ಉಳಿದಷ್ಟನ್ನು ಕೈಯಲ್ಲಿ ಸುಲಿಯುತ್ತಾರೆ. ನಾನೂ ಉತ್ಸಾಹದಿಂದ ಒಂದು ಮೆಟ್ಟುಗತ್ತಿಯ ಮುಂದೆ ಕೂತೆ. ಒಂದು ಗಂಟೆಯಲ್ಲಿ ಹೆಬ್ಬೆರಳು ಎರಡು ಕಡೆ ಕುಯ್ದಿತ್ತು, ಡಬ್ಬದ ತಳ ಮುಚ್ಚಿರಲಿಲ್ಲ. ಪಕ್ಕದಲ್ಲಿ ತಮ್ಮನ ಹೆಂಡತಿ ಕಾಯನ್ನು ಅಲಗಿಗೆ ಒತ್ತಿ, ಒಂದು ತಿರುವಿಗೆ ಸಿಪ್ಪೆಯನ್ನು ಅತ್ತ, ಅಡಿಕೆಯನ್ನು ಇತ್ತ ಹಾಕುತ್ತಿದ್ದಳು. ಅವಳ ಕಣ್ಣು ಕತ್ತಿಯ ಮೇಲಿರಲೇ ಇಲ್ಲ, ಮಗಳ ಮಗ್ಗಿ ಪುಸ್ತಕದ ಮೇಲಿತ್ತು. ಕಡೆಗೆ ಅವಳೇ ಹೇಳಿದಳು: ‘ಭಾವ, ನೀವು ಸುಲಿಯುವುದು ಬೇಡ. ಏನಾದರೂ ಹೇಳುತ್ತಿರಿ, ನಮಗೆ ನಿದ್ದೆ ಬಾರದಿದ್ದರೆ ಸಾಕು.’

ಹಾಗಾಗಿ ಹೇಳಲು ಶುರು ಮಾಡಿದೆ. ಹೈಸ್ಕೂಲಿನ ದಿನಗಳಲ್ಲಿ ಯಕ್ಷಗಾನದ ತಾಳಮದ್ದಳೆಯಲ್ಲಿ ಅರ್ಥ, ಅಂದರೆ ಪಾತ್ರದ ಮಾತು, ಹೇಳುತ್ತಿದ್ದವನು ನಾನು. ವೇಷ ಬೇಡ, ಕುಣಿತ ಬೇಡ, ಕೂತಲ್ಲೇ ಮಾತಿನಲ್ಲಿ ಕುರುಸಭೆ ಕಟ್ಟಬಹುದು. ನನ್ನಂಥ ಸೋಮಾರಿಗೆ ಹೇಳಿ ಮಾಡಿಸಿದ ಕಲೆ. ಬೆಂಗಳೂರಿನಲ್ಲಿ ಅದು ಬಿಟ್ಟೇ ಹೋಗಿತ್ತು. ಆ ರಾತ್ರಿ ಅಡಿಕೆ ಬೇಯಿಸಿದ ಚೊಗರಿನ ವಾಸನೆಯ ನಡುವೆ, ಸಂಧಾನಕ್ಕೆ ಬಂದ ಕೃಷ್ಣನಿಗೆ ಕೌರವ ಕೊಡುವ ಉತ್ತರವನ್ನು ಹೇಳಿದೆ. ಸುಲಿಯುವ ಹೆಂಗಸರಲ್ಲಿ ಒಬ್ಬಳು ‘ಕೌರವ ಹೇಳುವುದೂ ಸರಿಯೇ ಬಿಡಿ’ ಎಂದಳು. ಅದಕ್ಕಿಂತ ದೊಡ್ಡ ಪ್ರಶಸ್ತಿ ಅರ್ಥಧಾರಿಗೆ ಇಲ್ಲ. ಈಗ ತಿಂಗಳಿಗೊಂದೆರಡು ಕೂಟಗಳಿಗೆ ಹೋಗುತ್ತೇನೆ.

ಹೀಗೆ ಎಲ್ಲವೂ ಒಂದು ಹದಕ್ಕೆ ಬರುತ್ತಿದೆ ಎಂದುಕೊಂಡಿರುವಾಗ ಮನೆಯ ಲೆಕ್ಕದ ಪುಸ್ತಕ ನನ್ನ ಕೈಗೆ ಬಂತು. ‘ನೀನು ಇದೇ ಕಸುಬಿನವನಲ್ಲವೇ ಅಣ್ಣ, ಇನ್ನು ನೀನೇ ನೋಡಿಕೊ’ ಎಂದು ತಮ್ಮ ಕೊಟ್ಟ. ಅಂಚು ಇಲಿ ಕಡಿದ ಮೂರು ಉದ್ದನೆಯ ಪುಸ್ತಕಗಳು. ಅಕ್ಷರ ಕೆಟ್ಟದಾಗಿದೆ, ಲೆಕ್ಕ ಮಾತ್ರ ಒಂದು ರೂಪಾಯಿ ಆಚೀಚೆ ಇಲ್ಲ. ನಾನು ಬೆಂಗಳೂರಿನಿಂದ ಕಳಿಸಿದ ಒಂದೊಂದು ಮೊತ್ತವೂ ತಾರೀಖಿನ ಸಮೇತ ಇತ್ತು, ಎದುರಿಗೆ ‘ಅಣ್ಣನ ಬಾಬ್ತು, ಕೊಡತಕ್ಕದ್ದು’ ಎಂದು ಬರೆದಿತ್ತು. ಮನೆಗೆಂದು ಕಳಿಸಿದ ಹಣವನ್ನು ಅವನು ಸಾಲವೆಂದು ಬರೆದುಕೊಂಡಿದ್ದ! ಬೇರೆಯವರ ಪುಸ್ತಕದಲ್ಲಿ ಬಿಟ್ಟುಹೋದದ್ದನ್ನು ಹುಡುಕಿ ಹಿಡಿಯುವುದಕ್ಕೇ ನನಗೆ ದುಡ್ಡು ಕೊಡುತ್ತಾರೆ. ಈ ಪುಸ್ತಕದಲ್ಲಿ ಆಳಿನ ಕೂಲಿ ಇತ್ತು, ಗೊಬ್ಬರ ಇತ್ತು, ಅಪ್ಪಯ್ಯನ ಮಾತ್ರೆ ಇತ್ತು, ನಾಯಿಗೆ ಹಾಕಿಸಿದ ಇಂಜೆಕ್ಷನ್ ಕೂಡ ಇತ್ತು. ತಮ್ಮ ದುಡಿದ ಹದಿನಾರು ವರ್ಷ ಮಾತ್ರ ಎಲ್ಲೂ ಇರಲಿಲ್ಲ.

ನನ್ನ ಸಿಟ್ಟು ಶುರುವಾದದ್ದು ಅಲ್ಲಿಂದ. ನಗರ ಬಿಟ್ಟು ಬಂದವನ ಕಥೆಗೆ ನಮ್ಮಲ್ಲಿ ಎಷ್ಟು ಬೇಡಿಕೆ! ಗುದ್ದಲಿ ಹಿಡಿದ ಒಂದು ಫೋಟೋ ಸಾಕು, ಸಂದರ್ಶನಕ್ಕೆ ಬರುತ್ತಾರೆ. ಊರಲ್ಲೇ ಇದ್ದು ತೋಟ ನೋಡಿಕೊಳ್ಳುವ ಹುಡುಗನಿಗೆ ಮಲೆನಾಡಿನಲ್ಲಿ ಇವತ್ತು ಹೆಣ್ಣು ಕೊಡುವವರಿಲ್ಲ. ಅದೇ ಹುಡುಗ ನಾಲ್ಕು ವರ್ಷ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ನಿಂತು ಬಂದರೆ ಅವನು ಮಾದರಿ ಕೃಷಿಕ. ಮೊನ್ನೆ ಒಂದು ಕಾರ್ಯಕ್ರಮದಲ್ಲಿ, ಮಣ್ಣಿಗೆ ಮರಳಿದ ಯುವಕ ಎಂದು ನನಗೆ ಶಾಲು ಹೊದಿಸಿದರು. (ನಲವತ್ತೆರಡರ ಯುವಕ!) ಆ ಸಭೆಗೆ ಕುರ್ಚಿ ಇಳಿಸಿ ಜೋಡಿಸಿದವನು ನನ್ನ ತಮ್ಮ. ಬೇಡ ಎನ್ನಬಹುದಿತ್ತು. ನಾನು ಎನ್ನಲಿಲ್ಲ, ಹೊದಿಸಿಕೊಂಡೆ. ಮನೆಗೆ ಬಂದಾಗ ಅವನೇ ‘ಶಾಲು ಚೆನ್ನಾಗಿದೆ’ ಎಂದ. ಅದರಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮೊದಲು ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಯಬೇಕು. ಬೋರ್ಡೋ ದ್ರಾವಣ: 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಲವಣ), ಒಂದು ಕಿಲೋ ಸುಣ್ಣ. ಲೆಕ್ಕದವನಿಗೆ ಇದೆಂಥ ಕಷ್ಟ ಎಂದು ನಾನೇ ಕಲೆಸಲು ನಿಂತೆ. ತಮ್ಮ ಬಂದು ಡ್ರಮ್ಮಿನೊಳಗೆ ಕತ್ತಿಯ ತುದಿ ಅದ್ದಿ ಎತ್ತಿದ. ಕಬ್ಬಿಣದ ಮೇಲೆ ತಾಮ್ರ ಕೂತು ತುದಿ ಕೆಂಪಾಗಿತ್ತು. ತುತ್ತ ಹೆಚ್ಚು, ಸುಣ್ಣ ಸಾಲದು ಎಂದು ಅರ್ಥ. ಇದನ್ನೇ ಹೊಡೆದಿದ್ದರೆ ಸಿಂಗಾರ, ಅಂದರೆ ಅಡಿಕೆಯ ಹೂಗೊಂಚಲು, ಸುಟ್ಟು ಹೋಗುತ್ತಿತ್ತು. ಸುಣ್ಣದ ತಿಳಿಯನ್ನು ಚೂರು ಚೂರೇ ಹೊಯ್ದು, ಕತ್ತಿ ಬೆಳ್ಳಗೆ ಬರುವವರೆಗೆ ಅದ್ದಿ ಅದ್ದಿ ನೋಡಿದ. ಬೈಯಲಿಲ್ಲ. ‘ತುತ್ತದ ನೀರನ್ನು ಸುಣ್ಣಕ್ಕೆ ಹೊಯ್ಯಬೇಕು ಅಣ್ಣ, ಸುಣ್ಣವನ್ನು ತುತ್ತಕ್ಕಲ್ಲ’ ಎಂದಷ್ಟೇ ಹೇಳಿದ.

ಔಷಧಿಯ ಪೈಪು ತರಲು ಅಟ್ಟ ಹತ್ತಿದಾಗ ಅವನ ಮದ್ದಳೆ ಕಣ್ಣಿಗೆ ಬಿತ್ತು. ಒಂದು ಕಡೆಯ ಚರ್ಮದ ಮುಚ್ಚಿಗೆ ಹರಿದಿತ್ತು. ನಾನು ಅರ್ಥ ಹೇಳುತ್ತಿದ್ದ ಕಾಲದಲ್ಲಿ ಅವನು ಮದ್ದಳೆ ನುಡಿಸುತ್ತಿದ್ದ, ನನ್ನ ಮಾತಿಗಿಂತ ಅವನ ಕೈ ಮೇಲು ಎಂದು ಪದ ಹಾಡುವ ಭಾಗವತರೇ ಹೇಳುತ್ತಿದ್ದರು. ನಾನು ಹೋದ ಮೂರನೆಯ ವರ್ಷ ಬಿಟ್ಟನಂತೆ. ಸಂಜೆ ಸಿಗುತ್ತಿರಲಿಲ್ಲ. ಎಂಟು ತಿಂಗಳಿಂದ ನನ್ನ ಹಳೆಯ ಹುಚ್ಚು ಮರಳಿತೆಂದು ಎಲ್ಲರ ಮುಂದೆ ಕೊಚ್ಚಿಕೊಂಡವನು, ಅವನದೇನಾಯಿತು ಎಂದು ಒಮ್ಮೆಯೂ ಕೇಳಿರಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ, ಸಂಜೆಯ ಕೆಲಸ ಇನ್ನು ನನಗೆ ಬಿಡು, ನೀನು ಮದ್ದಳೆ ರಿಪೇರಿ ಮಾಡಿಸು ಎಂದೆ. ಅವನು ಮಜ್ಜಿಗೆ ಕುಡಿದು ಲೋಟ ಇಟ್ಟ. ‘ನೀನು ಮೊದಲು ಔಷಧಿ ಕಲೆಸುವುದನ್ನು ಕಲಿ’ ಎಂದ. ಅವನ ಹೆಂಡತಿ ನಕ್ಕಳು, ಅಮ್ಮನೂ.

ನಿನ್ನೆ ಮೇಲಿನ ತೋಟಕ್ಕೆ ನಾನೇ ಕಲೆಸಿದೆ. ಕತ್ತಿ ಅದ್ದಿ ಅವನಿಗೆ ತೋರಿಸಿದೆ, ಕೆಂಪಾಗಿರಲಿಲ್ಲ. ಪೈಪು ವಾಪಸು ಇಡಲು ಅಟ್ಟ ಹತ್ತಿದರೆ ಮದ್ದಳೆ ಅಲ್ಲಿರಲಿಲ್ಲ. ಎಲ್ಲಿ ಹೋಯಿತೆಂದು ನಾನು ಕೇಳಿಲ್ಲ.